ಮೂರು ಗಿಟಾರ್, ಒಂದು ಶುಕ್ರವಾರ ರಾತ್ರಿ: ಸೋಲೊ ಬಿಟ್ಟು ಪಕ್ಕದವರನ್ನು ಕೇಳಿ

'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' ಆಲ್ಬಂ ಕೇಳಿದವರು ಸಾಮಾನ್ಯವಾಗಿ ಮೊದಲು ಹೇಳುವುದು ಒಂದೇ ಮಾತು. 'ಅಬ್ಬಾ, ಎಂಥ ಸ್ಪೀಡು!' ನಾನೂ ಹಾಗೇ ಹೇಳಿದ್ದೆ. ಆದರೆ ಎರಡನೇ ಸಲ ಕೇಳುವಾಗ ಅರ್ಧಕ್ಕೇ ಸುಸ್ತಾಯಿತು. ಸ್ವರಗಳು ಮಳೆ ಸುರಿದ ಹಾಗೆ ಸುರಿಯುತ್ತಿದ್ದವು, ಕೈಗೆ ಏನೂ ಸಿಗುತ್ತಿರಲಿಲ್ಲ. ಮೂರನೇ ಸಲ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸೋಲೊ ನುಡಿಸುವವರನ್ನು ಬಿಟ್ಟು, ಆ ಹೊತ್ತಿಗೆ ಪಕ್ಕದಲ್ಲಿ ತಾಳ ಹಿಡಿದು ಕೂತವರನ್ನು ಮಾತ್ರ ಕೇಳಿದೆ. ಆಗ ಇಡೀ ಆಲ್ಬಂ ಬೇರೆಯೇ ಆಗಿ ಕೇಳಿಸಿತು. ಇಲ್ಲಿ ಬರೆಯುವುದೆಲ್ಲ ಆ ಕೇಳುವ ಬಗೆಯ ಬಗ್ಗೆ.

ಮೊದಲು ಯಾರು, ಎಲ್ಲಿ ಅಂತ ನೋಡೋಣ. 1980ರ ಡಿಸೆಂಬರ್ 5, ಶುಕ್ರವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರ್. ವೇದಿಕೆಯ ಮೇಲೆ ಮೂವರು, ಮೂರು ಗಿಟಾರ್. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಕೀಬೋರ್ಡ್ ಇಲ್ಲ, ಹಾಡುವವರೂ ಇಲ್ಲ. ಒಬ್ಬರು ಸ್ಪೇನ್‌ನ ಪಾಕೊ ದೆ ಲುಸಿಯಾ. ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್. ಮೂರನೆಯವರು ಅಮೆರಿಕದ ಆಲ್ ಡಿ ಮಿಯೋಲಾ, ಮೂವರಲ್ಲಿ ಚಿಕ್ಕವರು, ಆಗ 26 ವರ್ಷ. ಆಲ್ಬಂ ಹೊರಬಂದದ್ದು 1981ರಲ್ಲಿ. ಒಟ್ಟು ಐದು ಟ್ರ್ಯಾಕ್, ಸುಮಾರು 41 ನಿಮಿಷ.

ಒಂದು ಗೊಂದಲ ಇಲ್ಲೇ ಶುರುವಾಗುತ್ತದೆ. ಇದನ್ನು ಜಾಝ್ ಫ್ಯೂಷನ್ ಅಂತ ಏಕೆ ಕರೆಯುತ್ತಾರೆ? ಫ್ಯೂಷನ್ ಅಂದರೆ ಕಿವಿಗಡಚಿಕ್ಕುವ ಎಲೆಕ್ಟ್ರಿಕ್ ಗಿಟಾರ್, ಗುಡುಗುವ ಡ್ರಮ್ಸ್ ಅಲ್ವಾ? ಹೌದು, ಶುರುವಾದದ್ದು ಹಾಗೆಯೇ. 1960ರ ದಶಕದ ಕೊನೆಯಲ್ಲಿ ಜಾಝ್‌ನವರು ರಾಕ್‌ನ ಬೀಟ್ ಮತ್ತು ಕರೆಂಟಿನ ವಾದ್ಯಗಳನ್ನು ಕೈಗೆತ್ತಿಕೊಂಡರು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1970ರ 'ಬಿಚಸ್ ಬ್ರೂ' ಆ ದಾರಿಯ ದೊಡ್ಡ ಗುರುತು. ಅದರಲ್ಲಿ ಗಿಟಾರ್ ನುಡಿಸಿದ್ದು ಇದೇ ಮೆಕ್‌ಲಾಫ್ಲಿನ್. ಮರುವರ್ಷ ಅವರು ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಡಿ ಮಿಯೋಲಾ ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದಾಗ, 1974ರಲ್ಲಿ, ಪಿಯಾನೊ ವಾದಕ ಚಿಕ್ ಕೊರಿಯಾ ಅವರ ರಿಟರ್ನ್ ಟು ಫಾರೆವರ್ ತಂಡ ಸೇರಿದರು. ಎರಡೂ ಎಲೆಕ್ಟ್ರಿಕ್ ತಂಡಗಳು, ಎರಡೂ ಜೋರು ಸದ್ದಿನವು.

ಆ ಸದ್ದನ್ನೆಲ್ಲ ಕಳಚಿ ಇಟ್ಟ ಮೇಲೂ ಉಳಿದದ್ದು ಏನು ಅನ್ನುವುದು ಈ ಆಲ್ಬಂನಲ್ಲಿ ಗೊತ್ತಾಗುತ್ತದೆ. ಉಳಿದದ್ದು ಬೇರೆ ಬೇರೆ ಮನೆಗಳ ಲಯ ಮತ್ತು ಸ್ವರದ ಲೆಕ್ಕ ಒಂದೇ ಜಗಲಿಯಲ್ಲಿ ಕೂತು ಮಾತಾಡುವುದು. ನನ್ನ ಮಟ್ಟಿಗೆ ಫ್ಯೂಷನ್ ಅಂದರೆ ಅದೇ. ವಾದ್ಯಕ್ಕೆ ಕರೆಂಟ್ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇನ್ನು ಕೇಳಲು ಕೂರೋಣ. ಹೆಡ್‌ಫೋನ್ ಬೇಕು. ಫೋನಿನ ಸ್ಪೀಕರ್‌ನಲ್ಲಿ ಮೂರು ಗಿಟಾರ್‌ಗಳು ಒಂದೇ ಮುದ್ದೆಯಾಗಿಬಿಡುತ್ತವೆ. ಹೆಡ್‌ಫೋನ್‌ನ ಎಡ ಬಲ ಸರಿಯಾಗಿದೆಯೇ ಅಂತಲೂ ನೋಡಿಕೊಳ್ಳಿ, ಏಕೆಂದರೆ ಈ ಆಲ್ಬಂನಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದೇ ಅರ್ಧ ಉತ್ತರ. ಪಾಕೊ ನುಡಿಸುವ ಕಡೆಯೆಲ್ಲ ಅವರು ನಿಮ್ಮ ಎಡ ಕಿವಿಯಲ್ಲಿದ್ದಾರೆ. ಡಿ ಮಿಯೋಲಾ ನುಡಿಸುವ ಕಡೆಯೆಲ್ಲ ಅವರು ಬಲ ಕಿವಿಯಲ್ಲಿದ್ದಾರೆ. ಮೆಕ್‌ಲಾಫ್ಲಿನ್ ಮಾತ್ರ ಉಳಿದ ಜಾಗಕ್ಕೆ ಬರುತ್ತಾರೆ. ಪಾಕೊ ಇಲ್ಲದಾಗ ಎಡಕ್ಕೆ, ಡಿ ಮಿಯೋಲಾ ಇಲ್ಲದಾಗ ಬಲಕ್ಕೆ, ಮೂವರೂ ಇದ್ದಾಗ ನಡುವೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಯಾರ ಕೈ ಯಾವುದು ಅಂತ ಊಹಿಸುವ ಕಷ್ಟ ಇರುವುದಿಲ್ಲ.

ಕೈಗಳನ್ನು ಧ್ವನಿಯಿಂದಲೂ ಗುರುತಿಸಬಹುದು. ಪಾಕೊ ಪಿಕ್, ಅಂದರೆ ತಂತಿ ಮೀಟುವ ಸಣ್ಣ ಚಪ್ಪಟೆ ತುಂಡು, ಹಿಡಿಯುವುದಿಲ್ಲ. ನೈಲಾನ್ ತಂತಿಯ ಫ್ಲಮೆಂಕೊ ಗಿಟಾರ್, ಬರಿಗೈ ಬೆರಳು. ಫ್ಲಮೆಂಕೊ ಅಂದರೆ ಸ್ಪೇನ್‌ನ ದಕ್ಷಿಣದ ಸಾಂಪ್ರದಾಯಿಕ ಸಂಗೀತ. ಓಡುವ ಸಾಲುಗಳಲ್ಲಿ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ತಂತಿಗೆ ಬೀಳುತ್ತವೆ. ಇದಕ್ಕೆ ಫ್ಲಮೆಂಕೊದಲ್ಲಿ ಪಿಕಾಡೊ ಅನ್ನುತ್ತಾರೆ. ಮುಷ್ಟಿಯಿಂದ ಬೆರಳುಗಳನ್ನು ಒಂದೊಂದಾಗಿ ಬೀಸಣಿಗೆಯಂತೆ ಬಿಚ್ಚಿ ಎಲ್ಲ ತಂತಿಗಳನ್ನೂ ಉಜ್ಜುವುದು ರಸ್ಗೆಯಾದೊ. ಇದರ ನಡುವೆ ಬೆರಳಿನಿಂದ ಗಿಟಾರ್‌ನ ಮರದ ಮೈಗೆ 'ಟಕ್' ಎಂದು ತಟ್ಟುವುದೂ ಉಂಟು, ಅದು ಗೋಲ್ಪೆ. ಹಾಗೆ ತಟ್ಟಿ ತಟ್ಟಿ ಮರ ಸವೆಯಬಾರದು ಅಂತ ಫ್ಲಮೆಂಕೊ ಗಿಟಾರ್‌ಗೆ ಒಂದು ತೆಳು ಹಾಳೆ ಅಂಟಿಸಿರುತ್ತಾರೆ. ಅಂದರೆ ಒಂದೇ ವಾದ್ಯದಲ್ಲಿ ವೀಣೆಯೂ ಇದೆ, ಮೃದಂಗವೂ ಇದೆ.

ಡಿ ಮಿಯೋಲಾ ಅವರದ್ದು ಸ್ಟೀಲ್ ತಂತಿ, ಕೈಯಲ್ಲಿ ಪಿಕ್. ಧ್ವನಿ ಚೂಪು, ಹೊಳಪು. ಅವರ ಒಂದು ಗುರುತು ಹೇಳುತ್ತೇನೆ. ಬಲ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಹಿಡಿದು ಮೀಟುತ್ತಾರೆ. ಆಗ ಸ್ವರ ಉದ್ದಕ್ಕೆ ಎಳೆಯದೆ, ಹುರಿಗಡಲೆ ಸಿಡಿದ ಹಾಗೆ ಚಿಟ್ ಚಿಟ್ ಅಂತ ಮೊಟಕಾಗುತ್ತದೆ. ಬಲ ಕಿವಿಯಲ್ಲಿ ಆ ಸದ್ದು ಬಂದರೆ ಅನುಮಾನವೇ ಬೇಡ. ಮೆಕ್‌ಲಾಫ್ಲಿನ್ ಅವರದ್ದೂ ಪಿಕ್. ಆದರೆ ಅವರ ಸಾಲು ಎಲ್ಲಿಗೆ ಹೊರಟಿದೆ ಅಂತ ಹೇಳುವುದು ಕಷ್ಟ. ಒಂದು ಕಡೆ ಮುಗಿಯುತ್ತದೆ ಅಂದುಕೊಂಡರೆ ಇನ್ನೊಂದು ತಿರುವು ತೆಗೆದುಕೊಂಡಿರುತ್ತದೆ. ಜಾಝ್ ಅವರ ಮಾತೃಭಾಷೆಯ ಹಾಗೆ.

ಮೊದಲ ಟ್ರ್ಯಾಕ್ 'ಮೆಡಿಟರೇನಿಯನ್ ಸನ್‌ಡಾನ್ಸ್ / ರಿಯೊ ಆಂಚೊ', 11 ನಿಮಿಷಕ್ಕೂ ಜಾಸ್ತಿ. ಇಲ್ಲಿ ಇಬ್ಬರೇ, ಎಡಕ್ಕೆ ಪಾಕೊ, ಬಲಕ್ಕೆ ಡಿ ಮಿಯೋಲಾ. ಡಿ ಮಿಯೋಲಾ ಬರೆದ ಒಂದು ರಚನೆಯನ್ನೂ ಪಾಕೊ ಬರೆದ ಒಂದು ರುಂಬಾವನ್ನೂ (ಕುಣಿತದ ಲಯದ ರಚನೆ) ಸೇರಿಸಿ ಹೊಲಿದಿದ್ದಾರೆ. 'ಸನ್‌ಡಾನ್ಸ್' ಅನ್ನು ಇಬ್ಬರೂ 1977ರಲ್ಲೇ ಡಿ ಮಿಯೋಲಾ ಅವರ 'ಎಲಿಗಂಟ್ ಜಿಪ್ಸಿ' ಆಲ್ಬಂನಲ್ಲಿ ಜೊತೆಯಾಗಿ ನುಡಿಸಿದ್ದರು. ಹಾಗಾಗಿ ಪರಿಚಯ ಹೊಸದಲ್ಲ, ಸಲುಗೆ ಇದೆ.

ಈ ಟ್ರ್ಯಾಕ್ ಮೇಲೆ ಜಾಸ್ತಿ ಹೊತ್ತು ನಿಲ್ಲೋಣ. ಇದು ಬಿಡಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಲಯ. ರುಂಬಾದ ಒಂದು ಸುತ್ತಿಗೆ ಎಂಟು ಸಣ್ಣ ಮಾತ್ರೆ. ನಾವು ಎಂಟು ಅಂದ ಕೂಡಲೇ ನಾಲ್ಕು ನಾಲ್ಕಾಗಿ ಒಡೆಯುತ್ತೇವೆ, 'ತಕಧಿಮಿ ತಕಜೊಣು' ಅಂತ. ಇಲ್ಲಿ ಒತ್ತು ಬೀಳುವುದು ಬೇರೆ ಕಡೆ: ಮೂರು, ಮೂರು, ಎರಡು. 'ತಕಿಟ ತಕಿಟ ತಕ' ಅಂತ ಬಾಯಲ್ಲಿ ಹೇಳಿ ನೋಡಿ. ಈಗ ಅದನ್ನೇ ಹೇಳುತ್ತ, ಕಾಲಲ್ಲಿ ಮಾತ್ರ ಸಮವಾಗಿ ನಾಲ್ಕಕ್ಕೊಂದು ಬಡಿತ ಹಾಕಿ. ಬಾಯಿಗೂ ಕಾಲಿಗೂ ನಡುವೆ ಒಂದು ಸಣ್ಣ ಜಗ್ಗಾಟ ಆಗುತ್ತದಲ್ಲ, ಕುಳಿತಲ್ಲೇ ಮೈ ಅಲುಗಿಸುವುದು ಆ ಜಗ್ಗಾಟವೇ. ಒಬ್ಬರು ಸೋಲೊ ಓಡುವಾಗ ಇನ್ನೊಬ್ಬರ ಕೈಯಲ್ಲಿ ಇದು ನಿಲ್ಲದೆ ನಡೆದಿರುತ್ತದೆ. ಡ್ರಮ್ಸ್ ಇಲ್ಲವಲ್ಲ ಅನ್ನುವ ಕೊರತೆ ಒಂದು ಕ್ಷಣವೂ ಕಾಡದಿರುವುದು ಅದಕ್ಕೇ.

ನಮ್ಮಲ್ಲಿ ಕೊನ್ನಕೋಲು, ಅಂದರೆ ಬಾಯಲ್ಲೇ ಹೇಳುವ ತಾಳದ ಸೊಲ್ಲು, ಕಿವಿಗೆ ಬಿದ್ದವರಿಗೆ ಇದು ಹತ್ತು ನಿಮಿಷದ ಕೆಲಸ. ಹಾಗೆ ನೋಡಿದರೆ ಈ ಮೂವರಲ್ಲಿ ಒಬ್ಬರಿಗೆ ನಮ್ಮ ಲಯದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ಯೂನಿವರ್ಸಿಟಿಯಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು. 1975ರ ಹೊತ್ತಿಗೆ ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡದಲ್ಲಿದ್ದರು. ಆ ಮೊದಲ ಶಕ್ತಿ ಕೆಲವೇ ವರ್ಷ ನಡೆಯಿತು. ಅದು ನಿಂತ ಮೇಲೆಯೇ, 1979ರಲ್ಲಿ, ಪಾಕೊ ಮತ್ತು ಅಮೆರಿಕದ ಲ್ಯಾರಿ ಕೊರಿಯೆಲ್ ಜೊತೆ ಗಿಟಾರ್ ಟ್ರಿಯೊ ಶುರುವಾದದ್ದು. ಕೊರಿಯೆಲ್ ಜಾಗಕ್ಕೆ ಆಮೇಲೆ ಡಿ ಮಿಯೋಲಾ ಬಂದರು. ಅಂದರೆ ಈ ಶುಕ್ರವಾರದ ರಾತ್ರಿಗೆ ಬರುವ ಮುಂಚೆ ಮೆಕ್‌ಲಾಫ್ಲಿನ್ ವರ್ಷಗಟ್ಟಲೆ ಘಟ, ತಬಲಾದ ಎದುರು ಕೂತು ಬಂದಿದ್ದರು. ಜಾಝ್‌ಗೂ ನಮ್ಮ ಲಯಕ್ಕೂ ಇಂಥ ನಂಟು ಬೆಂಗಳೂರಿನಲ್ಲೂ ಬೆಳೆದಿದೆ. ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' 1983ರಲ್ಲಿ ಬಂತು. ಈ ಆಲ್ಬಂ ಹಿಡಿಸಿದರೆ ಅದನ್ನೂ ಖಂಡಿತ ಕೇಳಿ.

ಲಯದಲ್ಲಿ ನಮ್ಮ ಕಿವಿ ಮುಂದಿದ್ದರೆ, ಒಂದು ವಿಷಯದಲ್ಲಿ ನಮಗೆ ಸ್ವಲ್ಪ ಅಭ್ಯಾಸ ಬೇಕು. ಅದು ಕಾರ್ಡ್. ಮೂರೋ ನಾಲ್ಕೋ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದು ಕಾರ್ಡ್, ಅಷ್ಟು ನಮಗೆಲ್ಲ ಗೊತ್ತು. ಆದರೆ ಅದು ಏನು ಮಾಡುತ್ತದೆ ಅನ್ನುವುದು ಮುಖ್ಯ. ನಮ್ಮ ಕಚೇರಿಯಲ್ಲಿ ಹಿಂದೆ ತಂಬೂರಿ ಇರುತ್ತದೆ. ನೆಲ ಒಂದೇ, ಅದು ಕದಲುವುದಿಲ್ಲ. ಅದರ ಮೇಲೆ ರಾಗ ನಡೆಯುತ್ತದೆ. ಇಲ್ಲಿ ನೆಲವೇ ಕದಲುತ್ತದೆ.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ, ಅಥವಾ ಫೋನಿನಲ್ಲಿ ಕೀಬೋರ್ಡ್ ಆ್ಯಪ್ ಇದ್ದರೆ, ಹೀಗೆ ಮಾಡಿ. ಶಂಕರಾಭರಣದ ಸ್ವರಗಳನ್ನು ಇಟ್ಟುಕೊಳ್ಳಿ. ಬಾಯಲ್ಲಿ ಷಡ್ಜವನ್ನು ಬಿಡದೆ ಹಿಡಿಯಿರಿ. ಕೈಯಲ್ಲಿ ಮೊದಲು ಸ-ಗ-ಪ ಒಟ್ಟಿಗೆ ಒತ್ತಿ. ಮನೆಗೆ ಬಂದು ಕೂತ ಹಾಗೆ ಅನ್ನಿಸುತ್ತದೆ. ಈಗ ಮ-ದ-ಸ ಒತ್ತಿ. ನಿಮ್ಮ ಷಡ್ಜ ಅದೇ ಇದೆ, ಆದರೆ ಕಿಟಕಿ ತೆರೆದ ಹಾಗಾಯಿತು. ಆಮೇಲೆ ದ-ಸ-ಗ ಒತ್ತಿ. ಅದೇ ಷಡ್ಜಕ್ಕೆ ಈಗ ಒಂದು ನೋವು ಬಂತು. ನೀವು ಹಾಡಿದ ಸ್ವರ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ, ಅದರ ಅರ್ಥ ಮೂರು ಸಲ ಬದಲಾಯಿತು. ಹಾಗೆ ಬದಲಾಯಿಸಿದ್ದು ಪಕ್ಕದಲ್ಲಿ ಕಾರ್ಡ್ ಹಿಡಿದ ಕೈ.

ಈಗ ಸನ್‌ಡಾನ್ಸ್‌ಗೆ ವಾಪಸ್ ಬನ್ನಿ. ಬಲ ಕಿವಿಯಲ್ಲಿ ಡಿ ಮಿಯೋಲಾ ಓಡುತ್ತಿರುವಾಗ ಎಡ ಕಿವಿಯ ಪಾಕೊ ಏನು ಮಾಡುತ್ತಿದ್ದಾರೆ ಅಂತ ಮಾತ್ರ ಕೇಳಿ. ಅಲ್ಲಿ ತಕಿಟ ತಕಿಟ ತಕ ಇದೆ, ಕಾರ್ಡ್‌ಗಳ ಸುತ್ತೂ ಇದೆ. ತಾಳಕ್ಕೆ ಆವರ್ತನ ಇರುವ ಹಾಗೆ ಕಾರ್ಡ್‌ಗಳಿಗೂ ಒಂದು ಆವರ್ತನ ಇರುತ್ತದೆ, ಸುತ್ತಿ ಮತ್ತೆ ಶುರುವಿಗೆ ಬರುತ್ತದೆ. ಫ್ಲಮೆಂಕೊದಲ್ಲಿ ಈ ಸುತ್ತು ಹೆಚ್ಚಾಗಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಒಂದೊಂದೇ ಮೆಟ್ಟಿಲು, ಕೊನೆಯದಕ್ಕೆ ಅರ್ಧ ಸ್ವರದ ಸಣ್ಣ ಹೆಜ್ಜೆ. ಆ ಕೊನೆಯ ಹೆಜ್ಜೆಯೇ ಸ್ಪೇನ್‌ನ ದಕ್ಷಿಣದ, ಆಂಡಲೂಸಿಯಾದ, ಗುರುತು. ಸ್ವರಗಳ ಲೆಕ್ಕದಲ್ಲಿ ಹೇಳುವುದಾದರೆ ಫ್ಲಮೆಂಕೊ ತುಂಬ ಬಳಸುವ ಎರಡು ಸ್ವರಸಾಲುಗಳು ನಮ್ಮ ಹನುಮತೋಡಿ ಮತ್ತು ವಕುಳಾಭರಣದ ಆರೋಹಣ ಅವರೋಹಣಕ್ಕೆ ಹೊಂದುತ್ತವೆ. ತೋಡಿ ಕೇಳಿಸುತ್ತದೆ ಅಂತ ಕಾಯಬೇಡಿ, ಗಮಕವೇ ಇಲ್ಲದೆ ತೋಡಿ ಎಲ್ಲಿಂದ ಬರಬೇಕು. ಆದರೆ ಷಡ್ಜಕ್ಕೆ ಅಂಟಿಕೊಂಡಂತಿರುವ ಶುದ್ಧ ರಿಷಭದ ಆ ಬಿಗಿ ಇದೆಯಲ್ಲ, ಅದು ನಿಮಗೆ ಅಪರಿಚಿತವಲ್ಲ.

ಸೋಲೊ ನುಡಿಸುವವರು ಈ ಎರಡು ಸುತ್ತುಗಳ ಲೆಕ್ಕವನ್ನೂ ತಲೆಯಲ್ಲಿ ಇಟ್ಟುಕೊಂಡೇ ಓಡಬೇಕು. ಮೃದಂಗದವರು ತನಿಯಲ್ಲಿ (ಅವರೊಬ್ಬರೇ ನುಡಿಸುವ ಭಾಗ) ಎಷ್ಟು ಸುತ್ತಾಡಿದರೂ ಎಡುಪ್ಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಇಳಿಯುತ್ತಾರಲ್ಲ, ಹಾಗೆ. ಕಾರ್ಡ್ ಬದಲಾಗುವ ಕ್ಷಣಕ್ಕೆ ಸರಿಯಾಗಿ ಓಡುವ ಸಾಲೂ ಒಂದು ಹೊಂದುವ ಸ್ವರಕ್ಕೆ ಬಂದು ಕೂರುತ್ತದೆ. ಅದು ಕೂರುವ ಸದ್ದು ಒಮ್ಮೆ ಕಿವಿಗೆ ಸಿಕ್ಕಿತು ಅಂದರೆ ಸ್ಪೀಡು ಅನ್ನುವುದು ಹಿಂದೆ ಸರಿಯುತ್ತದೆ. ಅದೇ ಓಟದಲ್ಲಿ ವಾಕ್ಯಗಳು ಕೇಳಿಸತೊಡಗುತ್ತವೆ.

ಜನರ ಕೂಗನ್ನೂ ಕೇಳಿ. ಸೋಲೊದ ನಡುವೆಯೇ ಕೇಕೆ, ಶಿಳ್ಳೆ, ಚಪ್ಪಾಳೆ. ಎಲ್ಲಿ ಕೂಗುತ್ತಾರೆ ಅಂತ ಗಮನಿಸಿದರೆ, ಬಿಗಿ ಏರಿ ಏರಿ ಬಿಡುಗಡೆಯಾಗುವ ಜಾಗದಲ್ಲಿ. ನಮ್ಮ ಸಭೆಗಳಲ್ಲಿ 'ಭಲೇ' ಬೀಳುವ ಜಾಗವೂ ಅದೇ.

ಪಾಕೊ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಆಲ್ಜೆಸಿರಾಸ್ ಎಂಬ ಬಂದರು ಊರಿನಲ್ಲಿ 1947ರಲ್ಲಿ ಹುಟ್ಟಿದವರು. ಕಲಿತದ್ದೆಲ್ಲ ಮನೆಯಲ್ಲಿ, ಕಿವಿಯಿಂದ. ಫ್ಲಮೆಂಕೊ ಗಿಟಾರ್‌ನಲ್ಲಿ ಫಾಲ್ಸೆಟಾ ಅಂತ ಇರುತ್ತವೆ, ಮೊದಲೇ ಕಟ್ಟಿ ತಿದ್ದಿ ತೀಡಿದ ಸಣ್ಣ ಸಣ್ಣ ತುಣುಕುಗಳು. ಅವನ್ನು ತಾಳಕ್ಕೆ ತಕ್ಕಂತೆ ಪೋಣಿಸುತ್ತಾರೆ. ಜಾಝ್‌ನವರು ಕದಲುವ ಕಾರ್ಡ್‌ಗಳ ಮೇಲೆ ಆ ಕ್ಷಣಕ್ಕೆ ಹೊಸದು ಹುಟ್ಟಿಸುವುದು ಬೇರೆಯೇ ವಿದ್ಯೆ. ಫ್ಲಮೆಂಕೊ ಲೋಕದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ಪಾಕೊ ಈ ವಿದ್ಯೆಯನ್ನು ವೇದಿಕೆಯ ಮೇಲೆ, ಸಾವಿರಾರು ಜನರ ಎದುರು ಕಲಿತರು. ಮೆಕ್‌ಲಾಫ್ಲಿನ್, ಡಿ ಮಿಯೋಲಾ ಇಬ್ಬರಿಂದ ತಾನು ಕಲಿತೆ ಅಂತ ಅವರೇ ಮುಕ್ತವಾಗಿ ಹೇಳಿಕೊಂಡಿದ್ದಾರೆ. ಇದನ್ನು ತಿಳಿದ ಮೇಲೆ ನನಗೆ ಎಡ ಕಿವಿಯ ಮೇಲೆ ಪ್ರೀತಿ ಜಾಸ್ತಿಯಾಯಿತು.

ಎರಡನೇ ಟ್ರ್ಯಾಕ್ 'ಶಾರ್ಟ್ ಟೇಲ್ಸ್ ಆಫ್ ದಿ ಬ್ಲ್ಯಾಕ್ ಫಾರೆಸ್ಟ್', ಚಿಕ್ ಕೊರಿಯಾ ಬರೆದದ್ದು. ಎಡಕ್ಕೆ ಮೆಕ್‌ಲಾಫ್ಲಿನ್, ಬಲಕ್ಕೆ ಡಿ ಮಿಯೋಲಾ. ಇದು ಸವಾಲ್ ಜವಾಬ್. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು ತಿರುಗಿ ಎಸೆಯುತ್ತಾರೆ. ನಡುವೆ ಅಮೆರಿಕದ ಕಪ್ಪು ಜನರ ಹಳೆಯ ಹಾಡಿನ ಧಾಟಿಯಾದ ಬ್ಲೂಸ್ ಬರುತ್ತದೆ, ಇದ್ದಕ್ಕಿದ್ದಂತೆ 'ಪಿಂಕ್ ಪ್ಯಾಂಥರ್' ಸಿನಿಮಾದ ಧುನ್ ಇಣುಕುತ್ತದೆ, ಜನ ಜೋರಾಗಿ ನಗುತ್ತಾರೆ. ಅಷ್ಟು ಗಂಭೀರವಾದ ಕೈಗಳು ಆಟಕ್ಕೆ ಇಳಿಯುವುದು ಕೇಳಲು ತುಂಬ ಖುಷಿ.

ಮೂರನೆಯದು 'ಫ್ರೆವೊ ರಸ್ಗಾಡೊ', ಬ್ರೆಜಿಲ್‌ನ ಎಗ್ಬರ್ಟೊ ಜಿಸ್ಮೊಂಟಿ ಅವರದ್ದು. ಎಡಕ್ಕೆ ಪಾಕೊ, ಬಲಕ್ಕೆ ಮೆಕ್‌ಲಾಫ್ಲಿನ್. ಫ್ರೆವೊ ಅನ್ನುವುದು ಬ್ರೆಜಿಲ್‌ನ ರೆಸಿಫೆ ನಗರದ ಕಾರ್ನಿವಲ್ ಕುಣಿತದ ಸಂಗೀತ. ಹೆಸರು ಹುಟ್ಟಿದ್ದು ಪೋರ್ಚುಗೀಸಿನ 'ಕುದಿಯುವುದು' ಅನ್ನುವ ಮಾತಿನಿಂದ, ಕೇಳಿದರೆ ನಿಜವೇ ಅನ್ನಿಸುತ್ತದೆ. ಸ್ಪೇನ್‌ನವರೊಬ್ಬರು, ಇಂಗ್ಲೆಂಡಿನವರೊಬ್ಬರು, ಇಬ್ಬರದ್ದೂ ಅಲ್ಲದ ಬ್ರೆಜಿಲ್‌ನ ನೆಲದಲ್ಲಿ ಭೇಟಿಯಾಗಿದ್ದಾರೆ. ನನಗೆ ಇಡೀ ಆಲ್ಬಂನಲ್ಲಿ ತುಂಬ ಇಷ್ಟವಾದದ್ದು ಇದೇ. ಇಲ್ಲಿ ಪಕ್ಕದ ಗಿಟಾರ್ ಬರೀ ಹಿಂದೆ ನಿಲ್ಲುವುದಿಲ್ಲ. ಮೆಕ್‌ಲಾಫ್ಲಿನ್ ಸಾಲು ಎಲ್ಲೆಲ್ಲೋ ತಿರುಗಿ ಹೋಗುವಾಗ ಪಾಕೊ ಅದರ ಉಸಿರು ನೋಡಿಕೊಂಡು ಒತ್ತು ಹೆಚ್ಚು ಕಡಿಮೆ ಮಾಡುತ್ತಾರೆ. ಒಳ್ಳೆಯ ಮೃದಂಗ ವಾದಕರು ಹಾಡುಗಾರರ ತುಟಿ ನೋಡಿಕೊಂಡು ನುಡಿಸುವ ಹಾಗೆ.

ನಾಲ್ಕನೆಯದರಲ್ಲಿ ಮೂವರೂ ಒಟ್ಟಿಗೆ. ಡಿ ಮಿಯೋಲಾ ಅವರ 'ಫಂಟೇಸಿಯಾ ಸ್ವೀಟ್', ನಾಲ್ಕು ಸಣ್ಣ ಭಾಗಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೊದಲು 1978ರ ಅವರ 'ಕ್ಯಾಸಿನೊ' ಆಲ್ಬಂನಲ್ಲಿ ಎರಡು ಗಿಟಾರ್‌ಗೆ ಅಂತ ಬಂದದ್ದು. ಮೂರಾದಾಗ ನಡುವಿನ ಜಾಗ ತುಂಬುತ್ತದೆ, ಹಾಗಾಗಿ ಇಲ್ಲಿ ಒಬ್ಬೊಬ್ಬರನ್ನೇ ಹಿಂಬಾಲಿಸಿ ಮೂರು ಸಲ ಕೇಳಿ. ಬಿಡುವಿನ ಒಂದು ಸಂಜೆ ಇದ್ದರೆ ಅರ್ಧ ಗಂಟೆಯ ಕೆಲಸ ಅಷ್ಟೇ.

ಕೊನೆಯ 'ಗಾರ್ಡಿಯನ್ ಏಂಜೆಲ್' ಮೆಕ್‌ಲಾಫ್ಲಿನ್ ಅವರದ್ದು, ಚಿಕ್ಕದು. ಇದು ಮಾತ್ರ ಆ ರಾತ್ರಿಯದ್ದಲ್ಲ, ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ್ದು. ಜನರ ಸದ್ದು ಇಲ್ಲದಿರುವುದು ಕೂಡಲೇ ಗೊತ್ತಾಗುತ್ತದೆ. ಅಷ್ಟು ಹೊತ್ತು ಸಂತೆಯಲ್ಲಿದ್ದು ಮನೆಯ ಬಾಗಿಲು ಹಾಕಿಕೊಂಡ ಹಾಗೆ. ನನಗಂತೂ ಆ ಸದ್ದು ಬೇಕಿತ್ತು ಅನ್ನಿಸುತ್ತದೆ.

ಈ ಮೂವರೂ 1983ರಲ್ಲಿ 'ಪ್ಯಾಶನ್, ಗ್ರೇಸ್ ಅಂಡ್ ಫೈರ್', 1996ರಲ್ಲಿ 'ದಿ ಗಿಟಾರ್ ಟ್ರಿಯೊ' ಮಾಡಿದರು. ಎರಡೂ ಸ್ಟುಡಿಯೊದವು. ಶುಕ್ರವಾರದ ಮರುದಿನ, ಡಿಸೆಂಬರ್ 6ರಂದು, ಅದೇ ವಾರ್‌ಫೀಲ್ಡ್‌ನಲ್ಲಿ ಮತ್ತೆ ನುಡಿಸಿದ್ದರು. ಆ ಟೇಪ್‌ಗಳು ನಾಲ್ಕು ದಶಕ ಹಾಗೇ ಇದ್ದು, 2022ರಲ್ಲಿ 'ಸ್ಯಾಟರ್‌ಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' ಆಗಿ ಬಂದವು. ಪಾಕೊ ಅದನ್ನು ಕೇಳಲಿಲ್ಲ. 2014ರಲ್ಲೇ ಮೆಕ್ಸಿಕೊದಲ್ಲಿ ತೀರಿಕೊಂಡಿದ್ದರು.

ಆ ಶನಿವಾರದ ಆಲ್ಬಂನಲ್ಲಿ ಪಾಕೊ ಒಬ್ಬರೇ ನುಡಿಸಿದ ಒಂದು ಟ್ರ್ಯಾಕ್ ಇದೆ, 'ಮೊನಾಸ್ಟೆರಿಯೊ ದೆ ಸಾಲ್'. ಶುಕ್ರವಾರದ ಆಲ್ಬಂ ಮುಗಿಸಿದ ಮೇಲೆ ಇದನ್ನು ಹಾಕಿ. ಈಗ ಪಕ್ಕದಲ್ಲಿ ಯಾರೂ ಇಲ್ಲ. ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ತಾಳ ಹಿಡಿದಿದೆ, ಉಳಿದ ಬೆರಳುಗಳು ಮೇಲೆ ಹಾಡುತ್ತಿವೆ. ಇಷ್ಟು ಹೊತ್ತು ಎರಡು ಕಿವಿಗಳಲ್ಲಿ ಹುಡುಕಿದ ಆ ಇಬ್ಬರೂ ಒಂದೇ ಕೈಯಲ್ಲಿ ಇದ್ದಾರೆ.